ಕದಿರಮ್ಮ ಹೇಳಿದ್ದು

"ನಿವಾಸಿಗಳು ಆವರಣದ ಮಿತಿಯನ್ನು ಉಲ್ಲಂಘಿಸತಕ್ಕದ್ದಲ್ಲ," ಎಂದು ಓದಿ ಮೇಲ್ವಿಚಾರಕಿ ಅನಸೂಯಮ್ಮ ಹಾಳೆ ಮಗುಚಿದರು. ಜಗಲಿಯಲ್ಲಿ ಸಾಲಾಗಿ ಕೂತಿದ್ದ ಹುಡುಗಿಯರು "ಸರಿ ಅಮ್ಮ" ಎಂದರು. ಅವರಲ್ಲಿ ಅರ್ಧಕ್ಕರ್ಧ ಮಂದಿಗೆ ತಿಳಿದಿದ್ದ ಕನ್ನಡ ಬಹುಶಃ ಅಷ್ಟೇ ಎಂದು ಹಿಂದೆ ನಿಂತಿದ್ದ ನಾಗಮಣಿಗೆ ಅನ್ನಿಸಿತು.

ಕೋಲಾರದ ಹೊರಗಿದ್ದ, ಕೇಸಿನಲ್ಲಿ ಸಿಕ್ಕಿದ ಹುಡುಗಿಯರನ್ನಿಡುವ ಆ ರಿಮ್ಯಾಂಡ್ ಹೋಮಿಗೆ ಅವಳು ಟೀಚರಾಗಿ ಬಂದು ಬಹಳ ಕಾಲವಾಗಿರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದಿನವೂ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬಂದು ಸಂಜೆ ಹಿಂತಿರುಗುತ್ತಿದ್ದಳು. ಬೀದಿಯ ತೆಲುಗು ಮಾತಿನ ಮಕ್ಕಳ ಜೊತೆ ಆಡಿ ಬೆಳೆದವಳಾದ್ದರಿಂದ ತೆಲುಗು ಅವಳಿಗೆ ಮನೆಮಾತಿನಷ್ಟೇ ಸಲೀಸು. ಹೊಲಿಗೆ ಕ್ಲಾಸಿನಲ್ಲಿ ಅದೇ ನಿಯಮಗಳನ್ನು ತೆಲುಗಿನಲ್ಲಿ ಬಿಡಿಸಿ ಹೇಳತೊಡಗಿದಳು. ಗೋಡೆ ಹತ್ತಬಾರದು, ಜಗಳವಾಡಬಾರದು ಎಂಬುದರ ಜೊತೆಗೆ, ಅನಸೂಯಮ್ಮ ಓದುವಾಗ ಗಂಟಲಲ್ಲೇ ಉಳಿದುಹೋಗುತ್ತಿದ್ದ ಕೊನೆಯ ನಿಯಮಗಳನ್ನೂ ಹೇಳಿದಳು. ಮಕ್ಕಳನ್ನು ಹೊಡೆಯುವಂತಿಲ್ಲ, ಊಟ ತಪ್ಪಿಸುವಂತಿಲ್ಲ. ಏನಾದರೂ ಆದರೆ ತಿಂಗಳಿಗೊಮ್ಮೆ ಬರುವ ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಹೇಳಬಹುದು.

ಕದಿರಮ್ಮ ಸೂಜಿ ನಿಲ್ಲಿಸಿ ತಲೆಯೆತ್ತಿದಳು. ಹದಿಮೂರರ ಹುಡುಗಿ, ಆಂಧ್ರದ ಗಡಿಗಂಟಿದ ನಂಗಲಿ ಕಡೆಯವಳು. ಆಂಧ್ರದ ಅಕ್ಕಿ ಗಡಿ ದಾಟಿಸಬಾರದೆಂದು ಕಟ್ಟುನಿಟ್ಟಾಗಿದ್ದ ಕಾಲ. ಸೋದರತ್ತೆಯ ಜೊತೆ ಸೊಂಟಕ್ಕೆ ಅಕ್ಕಿ ಕಟ್ಟಿಕೊಂಡು ಹೊಲದ ಬದುವಿನಲ್ಲಿ ಬರುತ್ತಿದ್ದಾಗ ಪೊಲೀಸರು ಅಟ್ಟಿಸಿಕೊಂಡು ಬಂದರು. ಅತ್ತೆ ಓಡಿದಳು, ಇವಳು ಸಿಕ್ಕಿಬಿದ್ದಳು. ಆಮೇಲೆ ಊರಿನಿಂದ ಯಾರೂ ಬಂದಿರಲಿಲ್ಲ.

"ಹೇಳಿದ್ರೆ ಹೊಡೆಯಲ್ವಾ?" ಎಂದು ತೆಲುಗಿನಲ್ಲೇ ಕೇಳಿದಳು.

"ಹೊಡೆಯೋ ಹಾಗಿಲ್ಲ."

"ಹಾಗಿಲ್ಲ ಅಂದ್ರೆ ಹೊಡೆಯಲ್ಲ ಅಂತಾನಾ?"

ನಾಗಮಣಿ ಪಕ್ಕದ ಹುಡುಗಿಯ ಹೊಲಿಗೆ ನೋಡಲು ಬಗ್ಗಿದಳು.

ಮುಂದಿನ ವಾರ ಸಾಲಿನಲ್ಲಿ ಕದಿರಮ್ಮ ಕಾಣಲಿಲ್ಲ. "ಜ್ವರ, ಮಲಗವ್ಳೆ," ಎಂದು ಆಯಾ ರಾಮಲಕ್ಷ್ಮಮ್ಮ ಬೇರೆಲ್ಲೋ ನೋಡುತ್ತಾ ಹೇಳಿದಳು. ನಾಗಮಣಿ ಮತ್ತೆ ಕೇಳಲಿಲ್ಲ.

ಮ್ಯಾಜಿಸ್ಟ್ರೇಟರು ಬಂದ ದಿನ ಕದಿರಮ್ಮ ಎಲ್ಲರ ಜೊತೆ ನಿಂತಿದ್ದಳು, ಕಣ್ಣು ಗುಳಿಬಿದ್ದಿದ್ದವು. ಧಾರವಾಡದ ಕಡೆಯವರಾದ ಮ್ಯಾಜಿಸ್ಟ್ರೇಟರಿಗೆ ತೆಲುಗು ಬಾರದು. "ಯಾರಿಗರೆ ಏನರೆ ಹೇಳೋದದ ಏನು?" ಎಂದು ವಾಡಿಕೆಯಂತೆ ಕೇಳಿ ಏಳಲು ಹೊರಟರು. ಕದಿರಮ್ಮ ಮುಂದೆ ಬಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವರು ನಾಗಮಣಿಯತ್ತ ತಿರುಗಿದರು. "ಏನಂತಾಳ ನೋಡ್ರಿ."

ಅನಸೂಯಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಅವರು ಕುರ್ಚಿಯ ಪಕ್ಕದಲ್ಲಿ ಸೆರಗು ಹೊದ್ದು ಸುಮ್ಮನೆ ನಿಂತಿದ್ದರು.

"ಊಟದ ವಿಷಯದಲ್ಲಿ ಸ್ವಲ್ಪ ತೊಂದರೆಯಾಗಿದೆಯಂತೆ, ಸಾರ್," ಎಂದಳು ನಾಗಮಣಿ. ತನ್ನ ದನಿ ತನಗೇ ಬೇರೆಯವರದೆಂಬಂತೆ ಕೇಳಿಸಿತು.

ಕದಿರಮ್ಮ ಅವಳನ್ನೇ ನೋಡಿದಳು. ಆಮೇಲೆ, ಅಷ್ಟು ದಿನದಲ್ಲಿ ಕಲಿತಿದ್ದ ಕನ್ನಡವನ್ನೆಲ್ಲ ಒಟ್ಟುಮಾಡಿಕೊಂಡು, "ಅದ್ ಅಲ್ಲ ಟೀಚರಮ್ಮ, ನಾನ್ ಹೇಳಿದ್ದು," ಎಂದಳು.

ನಾಗಮಣಿ ಮತ್ತೆ ಮ್ಯಾಜಿಸ್ಟ್ರೇಟರತ್ತ ತಿರುಗಿದಳು.

"ಗೋಡೆ ಹತ್ತಿದಳು ಅಂತ ಎರಡು ದಿನ ಸೌದೆ ಕೋಣೇಲಿ ಕೂಡಿಹಾಕಿದ್ರಂತೆ, ಸಾರ್. ಬರೀ ನೀರು ಕೊಟ್ರಂತೆ. ಕೂಗಿದ್ದಕ್ಕೆ ಹೊಡೆದ್ರಂತೆ. ಅವಳು ಹೇಳಿದ್ದು ಇಷ್ಟು," ಎಂದಳು.

ಮ್ಯಾಜಿಸ್ಟ್ರೇಟರು ಅನಸೂಯಮ್ಮನನ್ನು ನೋಡಿದರು. ಆಕೆ ಸುಳ್ಳು ಹೇಳಲಿಲ್ಲ. "ಓಡಿಹೋಗಿ ಯಾವುದಾದ್ರೂ ಲಾರಿ ಹತ್ತಿದ್ರೆ ಯಾರು ಹೊಣೆ, ಸಾರ್? ಇಷ್ಟು ಹುಡುಗೀರಿಗೆ ಇರೋದು ಇಬ್ಬರು ಆಯಾಗಳು," ಎಂದರು. ಸೌದೆ ಕೋಣೆಯ ಚಿಲಕ ತೆಗೆಸಬೇಕೆಂದೂ ಇನ್ನು ಹೀಗಾಗಕೂಡದೆಂದೂ ಮ್ಯಾಜಿಸ್ಟ್ರೇಟರು ಬರೆಸಿದರು. ಕದಿರಮ್ಮನನ್ನು ಬಿಡಿಸಿಕೊಳ್ಳಲು ಹಕ್ಕಿನವರು ಯಾರೂ ಬಾರದ್ದರಿಂದ ಅವಳ ಕೇಸು ಮತ್ತೆ ಮುಂದಕ್ಕೆ ಹೋಯಿತು. ಜೀಪು ಹೊರಟಿತು.

ಸಂಜೆ ಬಡಗಿ ಚಿಲಕ ಕೀಳುತ್ತಿದ್ದ ಸದ್ದು ಕೇಳುತ್ತಿತ್ತು. ಅನಸೂಯಮ್ಮ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು.

"ನಿಮ್ಮ ಕೆಲಸದ ಬಗ್ಗೆ ಮೇಲಿನವರು ಕೇಳಿದ್ರೆ ನಾನೇನು ಬರೀಬೇಕೋ ಬರೀತೀನಿ, ಅದಿರಲಿ. ನೀವು ಬಸ್ಸು ಹತ್ತಿ ಮನೆಗೆ ಹೋಗ್ತೀರ, ನಾಗಮಣಿಯವರೇ. ಅವಳು ಇಲ್ಲೇ ಇರ್ತಾಳೆ. ನಾನು ಕೈ ಎತ್ತಲ್ಲ ಅಂತಲೇ ಇಟ್ಕೊಳ್ಳಿ. ಮಿಕ್ಕವರ ಕೈಯನ್ನ ಯಾರು ತಡೀತಾರೆ?"

ನಾಗಮಣಿ ಚೀಲ ಹೆಗಲಿಗೇರಿಸಿ ಗೇಟಿನವರೆಗೆ ಹೋದವಳು ಅಲ್ಲೇ ನಿಂತಳು. ರಸ್ತೆಯಲ್ಲಿ ಮುಳಬಾಗಿಲಿನ ಬಸ್ಸು ಹಾರ್ನ್ ಮಾಡಿ, ಯಾರೂ ಹತ್ತದ್ದರಿಂದ ಹೊರಟುಹೋಯಿತು. ಅವಳು ಒಳಗೆ ಬಂದು, ಊಟದ ಜಗಲಿಯ ಕಂಬಕ್ಕೊರಗಿ ಕೂತಳು.

ರಾಮಲಕ್ಷ್ಮಮ್ಮ ಸಾಲಿನುದ್ದಕ್ಕೂ ಮುದ್ದೆ ಇಕ್ಕುತ್ತಾ ಬಂದಳು. ಕದಿರಮ್ಮನ ಮುಂದೆ ಅವಳ ಕೈ ಒಂದು ಗಳಿಗೆ ತಡೆಯಿತು. ನಾಗಮಣಿಯನ್ನು ನೋಡಿ, ಮುದ್ದೆಯಿಟ್ಟು ಸಾರು ಬಿಟ್ಟಳು. ಅಕ್ಕಪಕ್ಕದ ಹುಡುಗಿಯರು ಆಗಲೇ ಸ್ವಲ್ಪ ದೂರ ಸರಿದು ಕೂತಿದ್ದರು. ಕದಿರಮ್ಮ ಯಾರ ಕಡೆಗೂ ನೋಡಲಿಲ್ಲ. ಎಡಗೈಯನ್ನು ತಟ್ಟೆಯ ಸುತ್ತ ಬಳಸಿಟ್ಟು, ತಲೆ ಬಗ್ಗಿಸಿ, ಬಿಸಿ ಆರುವುದನ್ನೂ ಕಾಯದೆ ಬೇಗಬೇಗ ನುಂಗತೊಡಗಿದಳು.