ಆರನೇ ತಟ್ಟೆಗೆ ಹೊಗೆ ಬೇಡ

ನಾನು ಹೊಗೆ ಉಗುಳುವ ಒಂದು ತಗಡಿನ ಪೆಟ್ಟಿಗೆ. ಹೊಟ್ಟೆಯಲ್ಲಿ ಕಾಯುವ ಕಬ್ಬಿಣ, ಬೆನ್ನಿಗೆ ದ್ರವ ತುಂಬುವ ಡಬ್ಬಿ, ಮುಂದೊಂದು ಮೂತಿ, ಬಾಲಕ್ಕೆ ಉದ್ದದ ವೈರು, ವೈರಿನ ತುದಿಗೆ ಕೆಂಪು ಗುಂಡಿ. ಬೆಂಗಳೂರಿನ ಹೊರಗಿನ ಒಂದು ಶೆಡ್ಡಿನಲ್ಲಿ ನನ್ನನ್ನು ಬೆಸುಗೆ ಹಾಕಿ ಹುಟ್ಟಿಸಿದರು. ಮೊದಲ ಸಲ ಗುಂಡಿ ಒತ್ತಿದಾಗ ಶೆಡ್ಡಿನವರೆಲ್ಲ ಕೆಮ್ಮಿ ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ಅರ್ಥವಿದ್ದ ಚಪ್ಪಾಳೆ ಅದೊಂದೇ ಎಂದು ಆಗ ನನಗೆ ತಿಳಿದಿರಲಿಲ್ಲ.

ಮೊದಲೆರಡು ವರ್ಷ ಮದುವೆ ಮನೆಗಳಲ್ಲಿ ದುಡಿದೆ. ಆರತಕ್ಷತೆಗೆ ಗಂಡು ಹೆಣ್ಣು ನಡೆದು ಬರುವಾಗ ಅವರ ಮೊಣಕಾಲಿನವರೆಗೆ ಮೋಡ ಎಬ್ಬಿಸುವುದು ನನ್ನ ಕೆಲಸ. ಗೌರವದ ಕೆಲಸವೇ. ಆಮೇಲೆ ನನ್ನ ಒಡೆಯರಾದ ಮಂಟಪ ಕಟ್ಟುವವರು ನನ್ನನ್ನು ಧಾರಾವಾಹಿ ತೆಗೆಯುವ ಒಂದು ಕಂಪನಿಗೆ ಮಾರಿದರು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಆ ಕಂಪನಿಯದು ದೆವ್ವದ ಧಾರಾವಾಹಿ. ನನ್ನನ್ನು ನೋಡಿಕೊಳ್ಳಲು ಕೊಟ್ಟಿದ್ದು ಪುಟ್ಟಮಾದನ ಕೈಗೆ. ಕೊಳ್ಳೇಗಾಲದ ಕಡೆಯವನು, ನಲವತ್ತು ದಾಟಿದವನು, ಮಾತು ಕಡಿಮೆ. ಅವನ ಪಾದದ ಪಕ್ಕದಲ್ಲಿ ಕೂತು ನಾನು ಹನ್ನೊಂದು ವರ್ಷ ಕಳೆದೆ. ನೆಲದ ಮೇಲೆ ಕೂತವರಿಗೆ ಕೆಲವು ಸತ್ಯಗಳು ಬೇಗ ಕಾಣುತ್ತವೆ. ದೆವ್ವದ ಬಿಳಿ ಸೀರೆಯ ಕೆಳಗೆ ಹವಾಯಿ ಚಪ್ಪಲಿ ಇರುವುದು, ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಅಮಾವಾಸ್ಯೆ ಮಾಡುವುದು, ಎಲ್ಲವನ್ನೂ ಕಂಡೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಬರವಣಿಗೆಯ ಬಗ್ಗೆ.

ಚಂದ್ರಹಾಸ ಎಂಬ ಬರಹಗಾರನಿದ್ದ. ಒಳ್ಳೆಯ ಮನುಷ್ಯ, ಎಲ್ಲರಿಗೂ ನಗುತ್ತ ನಮಸ್ಕಾರ ಹೇಳುವವನು. ಆದರೆ ಅವನು ಸೀನು ಬರೆಯುತ್ತಿದ್ದುದು ಕಾರಿನಲ್ಲಿ ಕೂತು, ಫೋನಿನಲ್ಲಿ, ಸಿಗ್ನಲ್ಲು ಕೆಂಪಾದಾಗ. ಅವನ ಮೊದಲ ಧಾರಾವಾಹಿಯಲ್ಲಿ ಸೊಸೆ ಬಾಗಿಲು ತೆರೆಯುತ್ತಾಳೆ, ಹೊಗೆ, ಕಿರುಚುತ್ತಾಳೆ. ಎರಡನೆಯದರಲ್ಲಿ ಮಗಳು ಬಾಗಿಲು ತೆರೆಯುತ್ತಾಳೆ, ಹೊಗೆ, ಕಿರುಚುತ್ತಾಳೆ. ಮೂರನೆಯದರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡಿತು. ಇದೇನೋ ಹೊಸತು ಎಂದು ನಾನು ಉಸಿರು ಬಿಗಿ ಹಿಡಿದು ಕಾದೆ. ಹೊಗೆ ಬಂತು. ಕಿರುಚಿದರು. ತಲೆ ಚಚ್ಚಿಕೊಳ್ಳೋಣವೆಂದರೆ ನನಗೆ ತಲೆಯೂ ಇಲ್ಲ.

ನಾನು ಓದು ಬರಹ ಕಲಿತವನಲ್ಲ. ಆದರೂ ಬರವಣಿಗೆ ಅಳೆಯಲು ನನ್ನ ಹತ್ತಿರ ಒಂದು ಪಕ್ಕಾ ಅಳತೆಯಿದೆ, ನನ್ನ ದ್ರವದ ಡಬ್ಬಿ. ಬರೆದವನಿಗೆ ಮಾತು ತೋಚದ ಕಡೆ ನಿರ್ದೇಶಕ ನಿರಂಜನ 'ಹೊಗೆ ಬಿಡು!' ಎಂದು ಕೂಗುತ್ತಿದ್ದ. ಯಾಕೆ ಸತ್ತಳೆಂದು ದೆವ್ವಕ್ಕೇ ಗೊತ್ತಿಲ್ಲದ ಕಡೆ ಎರಡು ಪಟ್ಟು ಹೊಗೆ. ಸಾಧಾರಣ ಧಾರಾವಾಹಿಗೆ ವಾರಕ್ಕೊಂದು ಡಬ್ಬಿ ಸಾಕು. ಚಂದ್ರಹಾಸನ ನಾಲ್ಕನೆಯದು 'ಪ್ರೇತವಲ್ಲಿ' ದಿನಕ್ಕೆರಡು ಡಬ್ಬಿ ಕುಡಿಯಿತು. ನನ್ನ ಮೂತಿ ಕಪ್ಪುಗಟ್ಟಿತು, ಪುಟ್ಟಮಾದನಿಗೆ ಕೆಮ್ಮು ಅಂಟಿಕೊಂಡಿತು.

ಅಂಥ ಹೊತ್ತಿನಲ್ಲಿ ಗೋದಾವರಿ ಹೆಬ್ಬಳ್ಳಿಯವರು ಬಂದರು. ಧಾರವಾಡದ ಹೆಂಗಸು, ಅರವತ್ತರ ಹತ್ತಿರ ವಯಸ್ಸು, ಮೊದಲು ರೇಡಿಯೊ ನಾಟಕ ಬರೆಯುತ್ತಿದ್ದವರು. ಅದೇ ಕಂಪನಿಗೆ, ಅದೇ ಬಾಡಿಗೆ ಬಂಗಲೆಯ ಕೆಳ ಮಹಡಿಯಲ್ಲಿ, ಅವರ 'ಆರನೇ ತಟ್ಟೆ' ಶುರುವಾಯಿತು. ಮೇಲಿನ ಮಹಡಿಯಲ್ಲಿ ಬೇರೊಬ್ಬ ನಿರ್ದೇಶಕನ ಕೈಗೆ ಹೋದ 'ಪ್ರೇತವಲ್ಲಿ' ನಡೆಯುತ್ತಲೇ ಇತ್ತು. ನಾನು ದಿನಕ್ಕೆ ನಾಲ್ಕು ಸಲ ಪುಟ್ಟಮಾದನ ಕಂಕುಳಲ್ಲಿ ಮೆಟ್ಟಿಲು ಹತ್ತಿ ಇಳಿದೆ.

ಗೋದಾವರಿಯವರ ಕಥೆ ಇಷ್ಟೇ. ಒಂದು ಮನೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೈದುನ, ಹೀಗೆ ಊಟಕ್ಕೆ ಕೂರುವವರು ಐದು ಜನ. ಹೆಂಡತಿ ದಿನವೂ ಐದು ತಟ್ಟೆ ಹಾಕುತ್ತಾಳೆ. ಎಲ್ಲರೂ ಬಂದು ಕೂತಾಗ ಆರು ತಟ್ಟೆ ಇರುತ್ತವೆ. ಆರನೆಯದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರೂ ಮರುದಿನ ಊಟದ ಹೊತ್ತಿಗೆ ಅದು ಸಾಲಿನಲ್ಲಿರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದ ಅತ್ತೆ ನಿಂತಿರುತ್ತಾಳೆ, "ಸಾರು ಬಿಸಿ ಇದೆ, ಬೇಗ ಬನ್ನಿ" ಎನ್ನುತ್ತಾಳೆ. ಅಷ್ಟೇ. ಯಾರೂ ಕಿರುಚುವುದಿಲ್ಲ.

ಮೊದಲ ದಿನವೇ ನಿರಂಜನ ನನ್ನನ್ನು ಊಟದ ಕೋಣೆಯಲ್ಲಿಟ್ಟ. ಗೋದಾವರಿಯವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಇದೇನ್ರೀ? ಮನ್ಯಾಗ ಒಲಿ ಹತ್ತೇದೇನು?"

"ಮೇಡಂ, ಒಂಚೂರು ಹೊಗೆ ಇದ್ರೆ ಮೂಡ್ ಬರುತ್ತೆ."

"ಮೂಡ್ ನಾ ಬರದೇನ್ರೀ. ಹೊಗಿ ಹೊರಗ ಹಾಕ್ರಿ."

ಹುಟ್ಟಿದ ಮೇಲೆ ನನ್ನನ್ನು ಹೊರಗೆ ಹಾಕಿದವರು ಅವರೊಬ್ಬರೇ. ಅವಮಾನವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಎರಡು ತಿಂಗಳು ನನ್ನ ಡಬ್ಬಿಯಿಂದ ಒಂದು ಹನಿಯೂ ಕೆಳ ಮಹಡಿಯಲ್ಲಿ ಇಳಿಯಲಿಲ್ಲ. ಪುಟ್ಟಮಾದ ಕೆಲಸವಿಲ್ಲದಿದ್ದರೂ ಬಾಗಿಲ ಪಕ್ಕದಲ್ಲಿ ನಿಂತು ಪ್ರತಿ ಸೀನನ್ನೂ ನೋಡುತ್ತಿದ್ದ. ಆರನೇ ತಟ್ಟೆ ಕಂಡಾಗೆಲ್ಲ ಅವನ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಒಂಬೈನೂರು ಕಂತಿಗೆ ಹೊಗೆ ಬಿಟ್ಟ ಮನುಷ್ಯ ಹೆದರಿದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ತಟ್ಟೆ ಯಾರದು ಎಂದು ನಿರಂಜನ ಕೇಳಿದ, ಚಾನೆಲ್ಲಿನವರು ಕೇಳಿದರು. "ಕೊನೀ ಕಂತಿನ್ಯಾಗ ಹೇಳ್ತೀನ್ರೀ" ಎಂದು ಗೋದಾವರಿಯವರು ಯಾರಿಗೂ ಬಾಯಿ ಬಿಡಲಿಲ್ಲ. ಮೊದಲೇ ಹೇಳಿದರೆ ಯಾರಾದರೂ ಪ್ರೋಮೋದಲ್ಲಿ ಹಾಕಿಬಿಡುತ್ತಾರೆಂಬ ಭಯ. ಆ ಕೊನೆಯ ಕಂತನ್ನು ಮುಟ್ಟಬೇಕು, ಅದೊಂದೇ ಅವರ ಆಸೆ. "ಇಷ್ಟು ವರ್ಷ ಬರದದ್ದು ಇದರ ಸಲುವಾಗೇ" ಎಂದು ಒಮ್ಮೆ ಪುಟ್ಟಮಾದನ ಹತ್ತಿರ ಅಂದರು.

ಈಗ ಇವರ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಧಾರಾವಾಹಿಯ ನಟರು ಸೀನು ಓದಿಕೊಂಡು ಬರುವುದಿಲ್ಲ. ಬೆಳಿಗ್ಗೆ ಸೀನ್ ಪೇಪರು ಬರುತ್ತದೆ. ಸಹಾಯಕ ನಿರ್ದೇಶಕ ಕ್ಯಾಮೆರಾ ಹಿಂದೆ ನಿಂತು ಒಂದೊಂದೇ ಸಾಲು ಕೂಗುತ್ತಾನೆ, ನಟರು ಮುಖಕ್ಕೆ ಭಾವ ಹಚ್ಚಿಕೊಂಡು ಅದನ್ನೇ ಹೇಳುತ್ತಾರೆ. ಇದಕ್ಕೆ ಪ್ರಾಂಪ್ಟಿಂಗ್ ಎನ್ನುತ್ತಾರೆ. ಅವತ್ತು ಕೆಳಗೆ ಅರವತ್ತೊಂದನೇ ಕಂತು, ಮೇಲೆ ನೂರ ಅರವತ್ತೊಂದನೇ ಕಂತು, ಎರಡರದ್ದೂ ನಾಲ್ಕನೇ ಸೀನು. ಪೇಪರಿಗೆ ಪಿನ್ನು ಹೊಡೆಯುವಾಗ ಮೇಲಿನ ಮಹಡಿಯ ಹಾಳೆ ಕೆಳಕ್ಕೂ ಕೆಳ ಮಹಡಿಯ ಹಾಳೆ ಮೇಲಕ್ಕೂ ಹೋಯಿತು.

ಮೇಲೆ ನಾನೇ ಇದ್ದೆ. ಕೂದಲು ಕೆದರಿದ ಪ್ರೇತವಲ್ಲಿ ನನ್ನ ಹೊಗೆಯಿಂದ ಎದ್ದು ಬಂದು, ಕಣ್ಣು ಮೇಲಕ್ಕೆ ತಿರುಗಿಸಿ, ಗೊಗ್ಗರು ದನಿಯಲ್ಲಿ ಗರ್ಜಿಸಿದಳು: "ಸಾರು ಬಿಸಿ ಇದೆ! ಬೇಗ ಬನ್ನಿ!" ನಾಯಕ ಹೆದರಿ ಗೋಡೆಗೆ ಆತುಕೊಂಡ. ನಿರ್ದೇಶಕ ಓಕೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಗುಳುತ್ತಿದ್ದ ಹೊಗೆಯಲ್ಲೇ ಮುಳುಗಿ ಸಾಯಬೇಕೆನ್ನಿಸಿತು.

ತಪ್ಪು ತಿಳಿದ ಮೇಲೆ ಚಂದ್ರಹಾಸ ಏನೆಂದ ಗೊತ್ತೇ? "ಚೆನ್ನಾಗಿದೆ ಗುರೂ, ಇರ್ಲಿ ಬಿಡಿ!" ಅಂದ. ಮರುವಾರದಿಂದ ಪ್ರೇತವಲ್ಲಿ ಯಾರನ್ನು ಕೊಲ್ಲುವ ಮುಂಚೆಯೂ 'ಸಾರು ಬಿಸಿ ಇದೆ' ಎನ್ನತೊಡಗಿದಳು. ಜನ ಅದನ್ನು ಬಾಯಿಪಾಠ ಮಾಡಿಕೊಂಡರು. ಅವನ ಬರವಣಿಗೆಯಲ್ಲಿ ಯಾವ ಹಾಳೆ ಎಲ್ಲಿ ಸೇರಿದರೂ ಏನೂ ಕೆಡುತ್ತಿರಲಿಲ್ಲ.

ಕೆಳಗೆ ಹಾಗಾಗಲಿಲ್ಲ. ಅಲ್ಲಿ ಸೊಸೆಯ ಪಾತ್ರದವಳು 'ಪ್ರೇತವಲ್ಲಿ'ಯ ಹಾಳೆಯ ಪ್ರಾಂಪ್ಟಿಂಗ್ ಕೇಳಿ, ಬಾಗಿಲಲ್ಲಿ ನಿಂತ ಅತ್ತೆಯ ಕಡೆ ತಿರುಗಿ, "ಆಯ್ತು ಅತ್ತೆ, ನೀವು ಹೇಳಿದ ಹಾಗೇ ಆಗಲಿ" ಅಂದಿದ್ದಳು. ಆಮೇಲೆ ಬಂದ ಗೋದಾವರಿಯವರು ಆ ಶಾಟನ್ನು ಎರಡು ಸಲ ಹಾಕಿಸಿ ನೋಡಿದರು.

"ಇದನ್ನ ಮತ್ತ ತಗೀರಿ. ಆಕಿಗೆ ಯಾರೂ ಉತ್ತರ ಕೊಡಂಗಿಲ್ಲ."

"ಮೇಡಂ, ಒಂದು 'ಆಯ್ತು ಅತ್ತೆ'ಗೆ ಏನಾಗುತ್ತೆ? ನಾಳೆ ಪ್ರಸಾರ ಇದೆ!"

"ಎಲ್ಲಾ ಆಗ್ತದ್ರೀ. ಅರವತ್ತು ಕಂತು ನೀರಾಗ ಹೋಗ್ತಾವ."

"ಯಾಕೆ ಅಂತ ಹೇಳಿ ಮತ್ತೆ!"

ಅವರು ಎಡಿಟಿಂಗ್ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಮತ್ತೆ ಚಿತ್ರೀಕರಿಸುವವರೆಗೂ ಏಳಲಿಲ್ಲ. ಕೊನೆಗೆ ನಿರಂಜನ ಹಲ್ಲು ಕಡಿಯುತ್ತ ಮತ್ತೆ ತೆಗೆದ. ಆದರೆ ಹೊತ್ತು ಮೀರಿತ್ತು. ಮರುದಿನ ಚಾನೆಲ್ಲಿನಲ್ಲಿ ಹಳೆಯ ಕಂತನ್ನೇ ಮತ್ತೆ ಹಾಕಬೇಕಾಯಿತು.

ಚಾನೆಲ್ಲಿನವರು ಸಿಡಿದರು. ಒಂದು ಮಾತಿಗಾಗಿ ಪ್ರಸಾರ ತಪ್ಪಿಸಿದ ಹೆಂಗಸು ತಮಗೆ ಬೇಡವೆಂದರು. ಇನ್ನೊಂದೇ ಕಂತಿನಲ್ಲಿ ಕಥೆ ಮುಗಿಸಿ, ಮಂತ್ರವಾದಿ ಬರಲಿ, ತಟ್ಟೆ ಒಡೆಯಲಿ, ಹೊಗೆ ಏಳಲಿ ಎಂದು ಆಜ್ಞೆಯಾಯಿತು. ಗೋದಾವರಿಯವರು ಬರೆಯುವುದಿಲ್ಲ ಎಂದರು. ಚಂದ್ರಹಾಸ ಬರೆದುಕೊಟ್ಟ, ಎರಡು ಸಿಗ್ನಲ್ಲಿನಲ್ಲಿ.

ಹೀಗೆ ಎರಡು ತಿಂಗಳು ಕೆಳಗೆ ಗೌರವದಿಂದ ಸುಮ್ಮನಿದ್ದ ನನ್ನನ್ನೇ ಆ ಊಟದ ಕೋಣೆಗೆ ತಂದು ಕೂರಿಸಿದರು. ಸ್ಟೀಲಿನ ತಟ್ಟೆ ಒಡೆಯುವುದಿಲ್ಲವೆಂಬುದು ಮಂತ್ರವಾದಿ ಅದನ್ನು ಎತ್ತಿ ಬಡಿದ ಮೇಲೆ ಇವರಿಗೆ ಹೊಳೆಯಿತು. ಪಿಂಗಾಣಿ ತಟ್ಟೆ ತಂದರು. ಪುಟ್ಟಮಾದ ಗುಂಡಿ ಒತ್ತಿದ. ಒತ್ತುವಾಗ ಮುಖ ಆಚೆ ತಿರುಗಿಸಿಕೊಂಡ. ನಾನು ಉಗುಳಿದೆ. ಬೇರೇನು ಮಾಡಲಿ, ನಾನು ಯಂತ್ರ. ಬದುಕಿನಲ್ಲಿ ನಾಚಿಕೆಯಿಂದ ಕಾದದ್ದು ಅದೊಂದು ಸಲ.

ಊಟದ ಬಿಡುವಿನಲ್ಲಿ ಗೋದಾವರಿಯವರು ತಮ್ಮ ಕಾಗದಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಪುಟ್ಟಮಾದ ನನ್ನನ್ನು ಅಲ್ಲೇ ಕೆಳಗಿಟ್ಟು ಕೈ ಒರೆಸಿಕೊಂಡ.

"ಅವ್ವಾ, ಹೋಗೋಕ್ ಮುಂಚೆ ಒಂದ್ ಮಾತ್ ಹೇಳ್ಬುಡಿ. ಆ ತಟ್ಟೆ ಯಾರ್ದು?"

ಅವರು ಚೀಲ ಕೆಳಗಿಟ್ಟರು. "ನೀ ದಿನಾ ನೋಡ್ತಿದ್ಯಲ್ಲಪಾ. ಮನ್ಯಾಗ ಎಷ್ಟು ಮಂದಿ?"

"ಐದು ಜನ."

"ಬಾಗಲದಾಗ ನಿಂತಾಕಿನ್ನ ಯಾಕ ಎಣಿಸಲಿಲ್ಲ?"

ಪುಟ್ಟಮಾದ ಅಡುಗೆಮನೆಯ ಬಾಗಿಲ ಕಡೆ ತಿರುಗಿ ನೋಡಿದ.

"ಆಕಿ ಕಥಿ ಶುರುವಾಗೋ ಮೊದಲೇ ಸತ್ತಾಳ. ಅದಕ್ಕ ಯಾರೂ ಆಕಿಗೆ ಉತ್ತರ ಕೊಡಂಗಿಲ್ಲ. ಅರವತ್ತು ಕಂತು ನೋಡಿದ್ರಲ್ಲ, ಒಬ್ಬರಿಗೂ ಅದು ವಿಚಿತ್ರ ಅನಸಲಿಲ್ಲ ನೋಡು. ಬದುಕಿದ್ದಾಗ ಎಲ್ಲಾರಿಗೂ ಬಡಿಸಿ, ಉಳದದ್ದು ಒಳಗ ನಿಂತು ತಿಂದಾಕಿ. ನೀನೂ ಬಾ, ಕೂಡು ಅಂತ ಒಬ್ಬರೂ ಅನಲಿಲ್ಲ. ಅದೊಂದು ಮಾತಿಗೆ ತಟ್ಟೆ ಹಾಕಿಕೊಂಡು ಕಾಯ್ತಾಳ. ಕೊನೀ ಕಂತಿನ್ಯಾಗ ಸಣ್ಣ ಮೊಮ್ಮಗಳು ಅಂತಾಳ, ಅಜ್ಜಿ, ಇದು ನಿನ್ನ ತಟ್ಟಿ ಅಲ್ಲಾ? ಕೂಡು ಅಂತ. ಮರುದಿನದಿಂದ ಐದೇ ತಟ್ಟಿ. ಅಷ್ಟ ಕಥಿ."

ಚೀಲ ಹೆಗಲಿಗೇರಿಸಿಕೊಂಡು ಅವರು ಹೊರಟರು. ಪುಟ್ಟಮಾದ ಅವತ್ತು ಊಟಕ್ಕೆ ಹೋಗಲಿಲ್ಲ. ಆ ಕಥೆ ಮುಗಿದದ್ದು ಒಬ್ಬ ಮನುಷ್ಯನ ಮತ್ತು ಒಂದು ಪೆಟ್ಟಿಗೆಯ ಮುಂದೆ ಮಾತ್ರ ಎಂದು ನೆನೆದಾಗೆಲ್ಲ ನನಗೆ ಈಗಲೂ ಹೊಟ್ಟೆಯ ಕಬ್ಬಿಣ ಕಾದಂತಾಗುತ್ತದೆ.

ಆರು ತಿಂಗಳಲ್ಲಿ ನನ್ನ ಕಬ್ಬಿಣ ಸುಟ್ಟುಹೋಯಿತು. ಪ್ರೇತವಲ್ಲಿಯೇ ಸುಟ್ಟಳು ಅನ್ನಿ. ಕಂಪನಿ ಹೊಸ ಯಂತ್ರ ತಂದಿತು. ಗುಜರಿಗೆ ಹೋಗಬೇಕಿದ್ದ ನನ್ನನ್ನು ಪುಟ್ಟಮಾದ ಕೇಳಿ ಪಡೆದು ಮನೆಗೆ ಒಯ್ದ. ಈಗ ಅವನ ಮನೆಯ ನಡುಮನೆಯ ಮೂಲೆಯಲ್ಲಿ, ಟೀವಿ ಸ್ಟ್ಯಾಂಡಿನ ಕೆಳಗೆ ಕೂತಿದ್ದೇನೆ. ನನ್ನ ಬೆನ್ನ ಮೇಲೆ ಅವನ ಹೆಂಡತಿ ದುಂಡಮ್ಮ ಕುಕ್ಕರಿನ ಹಳೆ ಮುಚ್ಚಳ ಇಡುತ್ತಾಳೆ. ನನ್ನ ಮೇಲೆಯೇ ಟೀವಿಯಲ್ಲಿ ಪ್ರೇತವಲ್ಲಿ ಏಳುನೂರನೇ ಕಂತು ದಾಟಿ 'ಸಾರು ಬಿಸಿ ಇದೆ' ಎಂದು ಕೂಗುತ್ತಿದ್ದಾಳೆ. ದುಂಡಮ್ಮ ಅದನ್ನು ನೋಡುತ್ತ ಬೆಳ್ಳುಳ್ಳಿ ಸುಲಿಯುತ್ತಾಳೆ. ಒಂದು ದಿನವೂ ಹೆದರಿ ಅವಳ ಕೈ ನಿಂತದ್ದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಯಾರಿಗೆ ಹೇಳಲಿ?

ನಾನು ಈ ಮನೆಗೆ ಬಂದ ಮೊದಲ ಭಾನುವಾರದ ಮಧ್ಯಾಹ್ನವೇ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮೂರು ತಟ್ಟೆ ಹಾಕಿದ್ದರು, ಪುಟ್ಟಮಾದನಿಗೆ, ಅವನ ಇಬ್ಬರು ಹೆಣ್ಣುಮಕ್ಕಳಿಗೆ. ದುಂಡಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪುಟ್ಟಮಾದ ತಟ್ಟೆಯ ಮುಂದೆ ಕೂತವನು ಎದ್ದ. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ತನ್ನ ಪಕ್ಕದಲ್ಲಿ ಇಟ್ಟ.

"ನೀನೂ ಕೂತ್ಕ ಬಾ."

ದುಂಡಮ್ಮ ರೇಗಿದಳು. "ಇದೇನ್ ಹೊಸಾ ಆಟ? ನಾನ್ ಕೂತ್ರೆ ಬಡ್ಸೋರ್ ಯಾರು?"

ಪುಟ್ಟಮಾದ ಅವಳ ಕೈಯಿಂದ ಸೌಟು ತೆಗೆದುಕೊಂಡ. "ಸುಮ್ಕೆ ಕೂತ್ಕಮ್ಮಿ" ಎಂದ.

ಅವಳು ಏನೋ ಗೊಣಗುತ್ತ ಕೂತಳು. ಸೆರಗು ಸರಿಮಾಡಿಕೊಂಡಳು. ಎದುರಿನ ತಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಕೈಯಿಂದ ಒಂದು ಸಲ ಒರೆಸಿದಳು. ಪುಟ್ಟಮಾದ ಬಗ್ಗಿ ಅನ್ನ ಬಡಿಸಿದ. ಮೇಲೆ ಹಬೆ ಎದ್ದಿತು.