ಪರದೆಯ ಆಚೆ ಮೂರನೆಯ ನಂಬರು

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕಟ್ಟಿದವರು ನನ್ನ ಗಂಡ ಹೆರಾಲ್ಡರನ್ನು ನೋಡಿರಲಿಕ್ಕಿಲ್ಲ. ನಮ್ಮ ಒಬ್ಬಳೇ ಮಗಳು ನಿಕೋಲ್‌ಗೆ ಆರನೆಯ ವಯಸ್ಸಿನಿಂದ ವಯೊಲಿನ್ ಕಲಿಸಿದವರು ಅವರೇ. ಹನ್ನೆರಡು ವರ್ಷಗಳಲ್ಲಿ ಅವರ ಬಾಯಿಂದ ಹೊಗಳಿಕೆ ಬಂದದ್ದು ಮೂರೋ ನಾಲ್ಕೋ ಸಲ. ಉಳಿದಂತೆ "ಇನ್ನೊಮ್ಮೆ" ಎಂಬ ಒಂದೇ ಮಾತು. ಚರ್ಚಿನಲ್ಲಿ ಜನ ಎಷ್ಟು ಮೆಚ್ಚಿದರೂ ಅವಳು ತಿರುಗಿ ನೋಡುತ್ತಿದ್ದದ್ದು ತಂದೆಯ ಮುಖವನ್ನು. ಅಲ್ಲಿ ಕಂಡದ್ದೇ ಅವಳಿಗೆ ಸತ್ಯ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವಿರುವ ಗಲ್ಫ್ ಊರಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ವಿಲ್ಲಾದಲ್ಲಿ ನಮ್ಮ ಕನ್ಸರ್ವೇಟರಿ ಇದೆ. ಕನ್ಸರ್ವೇಟರಿ ಎಂದರೆ ಯುರೋಪಿನ ಶಾಸ್ತ್ರೀಯ ಸಂಗೀತ ಕಲಿಸುವ ಶಾಲೆ. ಹೆರಾಲ್ಡ್ ಹಗಲು ರುವಿಯ ಆಫೀಸಿನಲ್ಲಿ ದುಡಿದು, ಸಂಜೆ ಅಲ್ಲಿ ವಯೊಲಿನ್ ಕಲಿಸುತ್ತಾರೆ. ನಾನು ಅಲ್ಲಿನ ಕಚೇರಿ ನೋಡಿಕೊಳ್ಳುತ್ತೇನೆ. ಅದನ್ನು ಕಟ್ಟಿದ ಹಂಗೇರಿಯ ಮಿಸ್ ಇರ್ಮಾ ಕಲಿತದ್ದು ಡ್ಯಾನ್ಯೂಬ್ ದಂಡೆಯ ಊರೊಂದರ, ನೂರೈವತ್ತು ವರ್ಷ ಹಳೆಯ ಕನ್ಸರ್ವೇಟರಿಯಲ್ಲಿ. ನಮ್ಮದು ಅದರ ಮರಿ.

ಆ ತಾಯಿಶಾಲೆಯ ಕಥೆಯನ್ನು ಮಿಸ್ ಇರ್ಮಾ ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತಾರೆ. ಬಹಳ ಹಿಂದೆ ಅಲ್ಲಿನ ಪ್ರೊಫೆಸರೊಬ್ಬ ತನ್ನ ತಂಗಿಯ ಮಗನಿಗೆ ಸೀಟು ಕೊಡಿಸಿದ್ದಕ್ಕೆ ಊರಿಗೆ ಊರೇ ಛೀ ಥೂ ಎಂದಿತ್ತಂತೆ. ಅಂದಿನಿಂದ ಪರೀಕ್ಷೆಗೆ ಪರದೆ ಬಂತು. ನುಡಿಸುವವರು ಪರದೆಯ ಆಚೆ. ಹೆಸರಿಲ್ಲ, ಬರೀ ನಂಬರು. ಹೆಜ್ಜೆ ಕೇಳದಂತೆ ನೆಲಕ್ಕೆ ಕಂಬಳಿ. ಯಾವ ಪರೀಕ್ಷಕರು ಎಷ್ಟು ಅಂಕ ಕೊಟ್ಟರೆಂಬ ಪಟ್ಟಿಯನ್ನು ಸಹಿಯ ಸಮೇತ ಬಾಗಿಲಿಗೆ ಅಂಟಿಸಬೇಕು. ಯುದ್ಧದ ಚಳಿಗಾಲದಲ್ಲಿ ಸೌದೆಯಿಲ್ಲದೆ ಪಿಯಾನೊಗಳನ್ನೇ ಒಡೆದು ಒಲೆಗೆ ಹಾಕಿದರಂತೆ, ಪರದೆಯ ಮರದ ಚೌಕಟ್ಟನ್ನು ಮಾತ್ರ ಮುಟ್ಟಲಿಲ್ಲವಂತೆ. ಇದನ್ನು ಕೇಳಿದಾಗಲೆಲ್ಲ ಹೆರಾಲ್ಡರ ಕಣ್ಣು ತುಂಬಿ ಬರುತ್ತಿತ್ತು. ಮಗಳಿಗೆ ಪದಕ ಬಂದಾಗ ತುಂಬದ ಕಣ್ಣು!

ಎರಡು ವರ್ಷಕ್ಕೊಮ್ಮೆ ತಾಯಿಶಾಲೆ ನಮಗೆ ಒಂದು ಸೀಟು ಕೊಡುತ್ತದೆ. ನಾಲ್ಕು ವರ್ಷದ ಓದು, ಊಟ, ವಸತಿ ಎಲ್ಲ ಅವರದೇ. ಹತ್ತೊಂಬತ್ತು ತುಂಬಿದವರಿಗೆ ಅವಕಾಶವಿಲ್ಲ. ನಿಕೋಲ್‌ಗೆ ಈ ಸಲ ತಪ್ಪಿದರೆ ಮತ್ತೆಂದೂ ಇರಲಿಲ್ಲ. ಅವಳು ಬೇರೆ ಯಾವ ಕಾಲೇಜಿಗೂ ಅರ್ಜಿ ಹಾಕಿರಲಿಲ್ಲ.

ಪರೀಕ್ಷಕರು ಮೂವರು: ಮಿಸ್ ಇರ್ಮಾ, ಲೆಬನಾನಿನ ಪಿಯಾನೊ ಮೇಷ್ಟ್ರು, ಹೆರಾಲ್ಡ್. ಮಗಳಿದ್ದಾಳೆ, ತಾನು ಬೇಡ ಎಂದು ಹೆರಾಲ್ಡ್ ಹೇಳಿದ್ದು ಹೌದು. ಹಾಗಾದರೆ ಪರದೆ ಇರುವುದೇಕೆ ಎಂದು ಕೇಳಿದ ಮಿಸ್ ಇರ್ಮಾ, ಇನ್ನೊಂದು ನಿಯಮವನ್ನೂ ನೆನಪಿಸಿದರು. ನುಡಿಸುತ್ತಿರುವವರು ಯಾರೆಂದು ಗುರುತು ಹತ್ತಿದರೆ ಪರೀಕ್ಷಕರು ಕೂಡಲೇ ಕೈ ಎತ್ತಬೇಕು. ಆಗ ಅವರ ಅಂಕ ಬಿಟ್ಟು ಉಳಿದಿಬ್ಬರ ಸರಾಸರಿ ಹಿಡಿಯುತ್ತಾರೆ.

ಚೀಟಿ ಎತ್ತಿಸಿ ನಂಬರು ಕೊಟ್ಟವಳು ನಾನು. ನಿಕೋಲ್‌ಗೆ ಮೂರು ಬಂತು, ರಾಫಿಯಾ ಎಂಬ ಹುಡುಗಿಗೆ ಐದು. ಮೂರನೆಯ ನಂಬರು ನುಡಿಸುವಾಗ ನಾನು ಕಾರಿಡಾರಿನಲ್ಲಿ ಜಪಸರ ಹಿಡಿದು ಕೂತಿದ್ದೆ. ನನಗೆ ಸಂಗೀತ ಅಷ್ಟಕ್ಕಷ್ಟೆ. ಆದರೂ ಅವತ್ತು ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು.

ಅಂಟಿಸುವುದಕ್ಕೆಂದು ಅಂಕಪಟ್ಟಿ ನನ್ನ ಮೇಜಿಗೆ ಬಂತು. ಮೂರನೆಯ ನಂಬರಿಗೆ, ಇಪ್ಪತ್ತೈದರಲ್ಲಿ, ಮಿಸ್ ಇರ್ಮಾ ಕೊಟ್ಟದ್ದು ಇಪ್ಪತ್ತನಾಲ್ಕು. ಲೆಬನಾನಿನವರು ಇಪ್ಪತ್ತಮೂರು. ಹೆರಾಲ್ಡ್ ಹದಿನೇಳು. ಐದನೆಯ ನಂಬರಿಗೆ ಮೂವರೂ ಇಪ್ಪತ್ತೆರಡು ಕೊಟ್ಟಿದ್ದರು. ಎರಡೇ ಎರಡು ಅಂಕದಲ್ಲಿ ಸೀಟು ರಾಫಿಯಾಳದಾಗಿತ್ತು. ಕೈಗೆ ಬಂದ ತುತ್ತನ್ನು ಬಾಯಿಗೆ ಬಾರದಂತೆ ಮಾಡಿದ್ದು ಹೆತ್ತ ಅಪ್ಪ.

ಪಟ್ಟಿ ಹಿಡಿದು ವಯೊಲಿನ್ ಕೋಣೆಗೆ ಓಡಿದೆ. ಹೆರಾಲ್ಡ್ ಒಬ್ಬರೇ ಇದ್ದರು.

"ಇದೆಂತ ಇದು?"

ಮೊತ್ತ ನೋಡಿದ್ದೇ ಅವರ ಮುಖ ಬಿಳಿಚಿತು. "ಕಮಾನು ಎಳೆದ ಕೂಡ್ಲೇ ಗೊತ್ತಾಯ್ತು ಮಾರಾಯ್ತಿ, ನಮ್ಮ ನಿಕೋಲ್ ಅಂತ. ನಾನು ಕಲಿಸಿದ ಕೈ ಅಲ್ವಾ ಅದು."

"ಗೊತ್ತಾದ ಮೇಲೆ ಕೈ ಎತ್ತಬೇಕಿತ್ತಲ್ಲ?"

"ಎತ್ತಿದ್ರೆ ಅವಳೇ ಅಂತ ಅವರಿಬ್ಬರಿಗೂ ಗೊತ್ತಾಗ್ತಿತ್ತು. ಮತ್ತೆ ನನ್ನ ಮುಖ ನೋಡಿ ಕೊಟ್ರು ಅಂತ ಜನ ಹೇಳ್ತಿದ್ರು. ಅವರು ಹೇಗೂ ಒಳ್ಳೆ ಮಾರ್ಕ್ಸ್ ಕೊಡ್ತಾರೆ, ನಂದು ಸ್ವಲ್ಪ ಕಮ್ಮಿಯಾದ್ರೂ ಸೀಟು ಅವಳಿಗೇ ಅಂತ ಎಣಿಸಿದೆ."

"ಸ್ವಲ್ಪವಾ ಇದು? ನಿಜ ಹೇಳಿ, ಬೇರೆ ಮಕ್ಕಳಾಗಿದ್ರೆ ಎಷ್ಟು ಕೊಡ್ತಿದ್ರಿ?"

ಅವರು ಕುರ್ಚಿಯಲ್ಲಿ ಕುಸಿದರು. "ಇಪ್ಪತ್ತೈದು. ಅಷ್ಟು ಚಂದ ನಾನೂ ಯಾವತ್ತೂ ಬಾರಿಸಿದವನಲ್ಲ."

ಮಗಳಿಗೆ ಸೀಟೂ ಬೇಕು, ತನಗೆ ಸತ್ಯವಂತನೆಂಬ ಹೆಸರೂ ಬೇಕು. ಆ ಹೆಸರನ್ನು ಉಪ್ಪಿನಕಾಯಿ ಹಾಕಿ ನೆಕ್ಕಿ ಎಂದು ಕಿರುಚಿದೆ. ಇಬ್ಬರೂ ಮಿಸ್ ಇರ್ಮಾರ ಬಳಿ ಹೋದೆವು. ಹೆರಾಲ್ಡ್ ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡರು. ಆ ಮುದುಕಿ ಅತ್ತೇಬಿಟ್ಟರು. ಆದರೆ ಫಲಿತಾಂಶ ತಿಳಿದ ಮೇಲೆ, ಪರೀಕ್ಷಕನೇ ತನ್ನ ಮಗಳಿಗಾಗಿ, ಸಹಿ ಬಿದ್ದ ಅಂಕವನ್ನು ತಿದ್ದಿದರೆ ಆ ಹಳೆಯ ಪ್ರೊಫೆಸರಿಗೂ ನಮಗೂ ಏನು ವ್ಯತ್ಯಾಸ ಎಂದರು. ಕೈ ಎತ್ತಿದ್ದರೆ ನಿಕೋಲ್ ಮೊದಲು ಬರುತ್ತಿದ್ದಳು ಎಂದೂ ಹೇಳಿದರು. ಅದನ್ನು ಹೇಳದಿದ್ದರೂ ಆಗುತ್ತಿತ್ತು.

ಪಟ್ಟಿಯನ್ನು ನಾನೇ ಅಂಟಿಸಿದೆ. ಅಂಟಿಸದೆ ಹರಿದು ಹಾಕಬೇಕಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ನಿಕೋಲ್ ಓದಿದಳು. ಮೊದಲು ಹೋಗಿ ರಾಫಿಯಾಳನ್ನು ತಬ್ಬಿಕೊಂಡಳು. ಆಮೇಲೆ ವಾಪಸು ಬಂದು ತಂದೆಯ ಸಹಿಯ ಮುಂದಿದ್ದ ಹದಿನೇಳನ್ನು ನೋಡುತ್ತ ನಿಂತಳು.

ಮನೆಗೆ ಬಂದ ಮೇಲೆ ಹೆರಾಲ್ಡ್ ಅವಳೆದುರು ಕೂತು, ಒಂದನ್ನೂ ಮುಚ್ಚಿಡದೆ ಹೇಳಿದರು. ಗುರುತಿಸಿದ್ದು, ಹೆದರಿದ್ದು, ಬೇಕೆಂದೇ ಕಡಿಮೆ ಕೊಟ್ಟದ್ದು. ಅವಳು ಬಯ್ಯಲಿ, ತಟ್ಟೆ ಎಸೆಯಲಿ ಎಂದು ನಾನು ಕಾದೆ. ಅವಳು ಎದ್ದು ತಂದೆಯ ಕಣ್ಣೊರೆಸಿದಳು.

"ಇಟ್ಸ್ ಓಕೆ ಡ್ಯಾಡಿ. ನನಗೋಸ್ಕರ ಸುಳ್ಳು ಹೇಳ್ಬೇಡಿ."

"ಸುಳ್ಳಲ್ಲ ಮಗಾ! ದೇವರಾಣೆಗೂ ಸುಳ್ಳಲ್ಲ!"

"ಮಿಸ್ ಇರ್ಮಾ ಎಲ್ಲರಿಗೂ ಕೈಂಡ್. ನೀವು ಮಾತ್ರ ಯಾವಾಗ್ಲೂ ಕರೆಕ್ಟ್. ಸೆವೆಂಟೀನ್ ಅಂದ್ರೆ ಸೆವೆಂಟೀನ್. ಐ ನೋ."

ನಾನೂ ಅದನ್ನೇ ಹೇಳಿದೆ, ಮಿಸ್ ಇರ್ಮಾ ಕೂಡ ಫೋನ್ ಮಾಡಿ ಹೇಳಿದರು. ನಾವೆಲ್ಲ ಸೇರಿ ಅವಳನ್ನು ಸಮಾಧಾನಪಡಿಸುತ್ತಿದ್ದೇವೆ ಎಂದೇ ಅವಳು ತಿಳಿದಳು. ವಯೊಲಿನನ್ನು ಪೆಟ್ಟಿಗೆಯಲ್ಲಿಟ್ಟು ಕಪಾಟಿನ ಮೇಲಕ್ಕೆ ತಳ್ಳಿದಳು. ಇಲ್ಲಿಯದೇ ಒಂದು ಕಾಲೇಜಿನಲ್ಲಿ ಬಿಸಿನೆಸ್ ಓದುತ್ತೇನೆಂದಳು. ಕೈಯಲ್ಲಿ ಇಲ್ಲದ್ದಕ್ಕೆ ಹನ್ನೆರಡು ವರ್ಷ ಹಾಳು ಮಾಡಿದೆ, ಸಾರಿ ಎಂದು ಅವಳೇ ನಮ್ಮಲ್ಲಿ ಕ್ಷಮೆ ಕೇಳಿದಳು.

ಗುರುವಾರ ಸಂಜೆ ನಾನು ಮೀನು ಕಾಯಿಸುತ್ತಿದ್ದಾಗ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಳು.

"ಮಮ್ಮಾ, ನಾಳೆ ಪೂಜೆಗೆ ಮೊದ್ಲು ಡ್ಯಾಡಿಗೆ ಕನ್ಫೆಶನ್ ಮಾಡ್ಲಿಕ್ಕೆ ಹೇಳಿ. ನನಗೋಸ್ಕರ ದೇವರಾಣೆ ಹಾಕಿ ಸುಳ್ಳು ಹೇಳಿದ್ರಲ್ಲ, ಪಾಪ."

ಇಲ್ಲಿ ವಾರದ ರಜೆಯ ದಿನವಾದ ಶುಕ್ರವಾರ ಚರ್ಚಿನಲ್ಲಿ, ನಾನು ಹೇಳುವ ಮೊದಲೇ, ಹೆರಾಲ್ಡ್ ಪಾದ್ರಿಯ ಬಳಿ ಹೋಗಿ ಮೊಣಕಾಲೂರಿದ್ದರು. ತುಂಬ ಹೊತ್ತು ಏಳಲಿಲ್ಲ. ಅವರ ಬೆನ್ನು ಅಲುಗುತ್ತಿದ್ದದ್ದು ನಮಗೆ ಕಾಣುತ್ತಿತ್ತು. ನಿಕೋಲ್ ನನ್ನ ಕೈ ಹಿಡಿದು, "ಗುಡ್, ಹೇಳ್ತಿದ್ದಾರೆ" ಎಂದು ಪಿಸುಗುಟ್ಟಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡೆ. ಅವರು ಅಲ್ಲಿ ಹೇಳಿಕೊಳ್ಳುತ್ತಿದ್ದದ್ದು ಸುಳ್ಳಾಣೆಯ ಪಾಪವಲ್ಲ, ಆ ಹದಿನೇಳರ ಪಾಪ ಎಂದು ನನಗೆ ಗೊತ್ತಿತ್ತು. ಮಗಳು ನಂಬದ ಆ ಮಾತನ್ನು ಕೇಳುವುದಕ್ಕೆ ಇನ್ನು ಪಾದ್ರಿಯೊಬ್ಬರೇ ಉಳಿದಿದ್ದರು.