ಕ್ಲಬ್ಬಿನ ಎದುರಿನ ಟೀ ಅಂಗಡಿ

ಗುಂಡಿ ತೋಡಿ ಬಂದ ಬಸವಣ್ಣ ಕೈಗೆ ನೀರು ಹುಯ್ಯಿಸಿಕೊಳ್ಳುತ್ತಾ, ಎಲ್ಲರಿಗೂ ಕೇಳಲೆಂದೇ ಅಂದ: "ಆಟ ಬುಟ್ಟಿದ್ದೀನಿ ಅಂತಿದ್ದ. ಕೊನ್ಗೆ ಪ್ರಾಣ ಬುಟ್ಟಿದ್ದೆಲ್ಲಿ? ನರಸೀಪುರದ ಇಸ್ಪೀಟ್ ಕ್ಲಬ್ ಮುಂದೇನೆಯಾ."

ಹೆಮ್ಮರಗಾಲದ ಆ ಅಂಗಳಕ್ಕೆ ಆಗಷ್ಟೇ ಕಾಲಿಟ್ಟ ಕವನ ಅಲ್ಲೇ ನಿಂತಳು. ನಂಜನಗೂಡಿನ ವ್ಯಸನಮುಕ್ತಿ ಕೇಂದ್ರದಲ್ಲಿ ಅವಳು ಆಪ್ತಸಲಹೆಗಾರ್ತಿ. ಜಗಲಿಯ ಮೇಲೆ ಮಲಗಿಸಿದ್ದ ಚಲುವಯ್ಯ ಅವಳಲ್ಲಿಗೆ ಬರುತ್ತಿದ್ದವನು.

ಅವನ ಹೆಂಡತಿ ದೊಡ್ಡಮ್ಮ ಅಳುತ್ತಿರಲಿಲ್ಲ. "ಮೇಡಮ್, ನಿಮ್ಗಾದ್ರೂ ಗೊತ್ತಾ? ಮತ್ತೆ ಆಡಕ್ಕೋಗಿತ್ತಾ ಈ ಜೀವ?"

ಕವನಳಿಗೆ ಗೊತ್ತಿರಲಿಲ್ಲ.

*

ಚಲುವಯ್ಯ ಮೊದಲ ಸಲ ಬಂದಾಗ ಕವನಳಿಗೆ ಕುಡುಕರ ಸಂಗಡ ಮಾತಾಡುವುದಷ್ಟೇ ಗೊತ್ತಿತ್ತು.

"ದಿನಕ್ಕೆ ಎಷ್ಟು ಕುಡೀತೀರಾ?"

"ಒಂದ್ ಅನೀನೂ ಮುಟ್ಟಲ್ಲ ತಾಯಿ. ಇಸ್ಪೀಟ್ ಎಲೆ ಆಡ್ತೀನಿ."

"ಹಾಗಾದ್ರೆ ಕಾಯಿಲೆ ಏನಿಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಮರುವರ್ಷ ಮೈಸೂರಿನಲ್ಲಿ ತರಬೇತಿಯಾಯಿತು. ಜೂಜೂ ಕುಡಿತದ ಹಾಗೇ ಹಿಡಿಯುತ್ತದೆ, ಬಾಯಿ ಮಾತ್ರ ನಾರುವುದಿಲ್ಲ ಎಂದು ತಿಳಿದ ವಾರವೇ ಅವಳು ಚಲುವಯ್ಯನನ್ನು ಹುಡುಕಿಕೊಂಡು ಹೆಮ್ಮರಗಾಲಕ್ಕೆ ಬಂದಳು.

"ಎಲೆ ಎತ್ತೋ ಮುಂಚೆ ಏನನ್ಸುತ್ತೆ?"

ಅವಳು ಬುದ್ಧಿ ಹೇಳಲು ಹೋಗದೆ ಕಾದಳು. ತರಬೇತಿಯಲ್ಲಿ ಅವಳಿಗೆ ತೀರಾ ಕಷ್ಟವಾಗಿದ್ದು ಅದೇ.

"ಗೆಲ್ಲೋದಲ್ಲ ತಾಯಿ," ಅಂದ ಕೊನೆಗೆ. "ಆ ಎಲೆ ತಿರುಗ್ಸೋಗಂಟ ನಾನು ಯಾರ್ಗೂ ಏನೂ ಅಲ್ಲ. ಅಪ್ಪನೂ ಅಲ್ಲ, ಗಂಡನೂ ಅಲ್ಲ. ಅಷ್ಟು ಅಗುರ."

*

ಮಧ್ಯಾಹ್ನದ ಬಸ್ಸಿಗೆ ಗಿಡ್ಡನೆಯ ಒಬ್ಬ ಬಂದಿಳಿದ. "ನರಸೀಪುರದ ಕರಿಯಯ್ಯ ನಾನು. ಚಲುವಯ್ಯಣ್ಣ ಸಾಯೋವಾಗ ನನ್ ಜೊತೇಲೇ ಇದ್ದ."

"ಬಂದ ನೋಡ್ಲಾ, ಜೋಡಿ ಆಟಗಾರ!" ಅಂದ ಬಸವಣ್ಣ.

"ಆಟಗಾರ ನಾನು ಕಣಣ್ಣ. ಅವ್ನು ಎದುರ್ಗಡೆ ಟೀ ಅಂಗ್ಡೀಲಿ ಕೂರೋನು. ಒಳಕ್ಕೋಗೋ ಮುಂಚೆ ಒಂದ್ ಟೀ ಕುಡ್ದು ಓಗ್ಲಾ ಅಂತ ಕರೆಯೋನು. ಒಂದಿನಾನೂ ಬುದ್ಧಿ ಏಳ್ನಿಲ್ಲ. ಸುಮ್ನೆ ಕೇಳ್ತಿದ್ದ. ನೆನ್ನೆ ನಾನು ಮನೆ ವಿಚಾರ ಏಳ್ತಿದ್ದೆ, ಅಂಗೇ ಎದೆ ಇಡ್ಕಂಡ."

"ಕ್ಲಬ್ ಒಳಕ್ಕೆ ಓಗ್ನಿಲ್ವಾ?" ದೊಡ್ಡಮ್ಮ ಎದ್ದು ನಿಂತಿದ್ದಳು.

"ಬಾಗ್ಲೂ ತುಳೀನಿಲ್ಲ ಕಣವ್ವ. ನೆನ್ನೆ ನಾನೂ ಓಗ್ನಿಲ್ಲ."

ಆಗ ದೊಡ್ಡಮ್ಮ ದನಿ ತೆಗೆದು ಅತ್ತಳು. ಕವನ ಅವಳ ಪಕ್ಕಕ್ಕೆ ಹೋಗಿ ನಿಂತಳು. ಅತ್ತು ಮುಗಿದ ಮೇಲೆ ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀನೂ ಒಂದ್ ಎಗ್ಲು ಕೊಡಪ್ಪ" ಅಂದಳು.

ಚಟ್ಟ ಎತ್ತಿದಾಗ ಕರಿಯಯ್ಯನ ಮೂಲೆ ತಗ್ಗಿತು. ಬಸವಣ್ಣ ಅವನತ್ತ ನೋಡಿ ಮೊದಲು ಮೊಣಕಾಲು ಬಗ್ಗಿಸಿದ. ಉಳಿದಿಬ್ಬರೂ ಬಗ್ಗಿದರು. ನಾಲ್ವರೂ ಒಂದೇ ಎತ್ತರಕ್ಕೆ ಬಂದು, ಹಾಗೇ ಬಗ್ಗಿಕೊಂಡು, ಬೀದಿ ದಾಟಿದರು.